ಕೊಟ್ಟಿಗೆ, ಲ್ಯಾಬು, ಕಂಪನಿ: ಪಶು ಆರೋಗ್ಯ ಸಂಶೋಧನೆಯನ್ನು ಒಟ್ಟಿಗೆ ಮಾಡುವ ಬಗೆ

1920ರಲ್ಲಿ ಸ್ಕಾಟ್ಲೆಂಡಿನ ರೈತರು ಸೇರಿ ಒಂದು ಸಂಘ ಕಟ್ಟಿದರು. ತಮ್ಮ ಕುರಿ, ದನಗಳು ಯಾಕೆ ಸಾಯುತ್ತಿವೆ ಅಂತ ಹುಡುಕಿಸುವುದೇ ಅದರ ಉದ್ದೇಶ. ಇವತ್ತಿನ ಮೋರ್‌ಡನ್ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಆ ಸಂಘದಿಂದ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳುವಿಗೆ ಇದೇ ಸಂಸ್ಥೆಯವರ ಸಂಶೋಧನೆಯಿಂದ ಒಂದು ಲಸಿಕೆ ಬಂತು. ಹೆಸರು ಬಾರ್ಬರ್‌ವ್ಯಾಕ್ಸ್. 2014ರಲ್ಲಿ ಅದು ಮೊದಲು ಮಾರಾಟಕ್ಕೆ ಬಂದದ್ದು ಆಸ್ಟ್ರೇಲಿಯಾದಲ್ಲಿ. ತಯಾರಾಗುವುದೂ ಅಲ್ಲೇ, ಅಲ್ಬನಿ ಎಂಬ ಊರಿನಲ್ಲಿ. ಪ್ರಶ್ನೆ ರೈತರದ್ದು, ಉತ್ತರ ಹುಡುಕಿದವರು ಲ್ಯಾಬಿನವರು, ಬಾಟಲಿಗೆ ತುಂಬಿ ಕೊಟ್ಟವರು ಬೇರೆ. ಒಬ್ಬರೇ ಮಾಡಿದ್ದರೆ ಆಗುತ್ತಿರಲಿಲ್ಲ.

ಪಶು ಆರೋಗ್ಯದಲ್ಲಿ ಸಂಶೋಧನೆ ಶುರು ಮಾಡುತ್ತಿರುವವರಿಗಾಗಿ ಈ ಲೇಖನ. ರೈತರ ಹಿಂಡಿನಲ್ಲಿ ಕೆಲಸ ಮಾಡಬೇಕು, ಔಷಧ ಅಥವಾ ಲಸಿಕೆ ಕಂಪನಿಯ ಜೊತೆಗೂ ಮಾತಾಡಬೇಕು, ಆದರೆ ಎಲ್ಲಿಂದ ಶುರು ಮಾಡುವುದು ಗೊತ್ತಿಲ್ಲ ಅನ್ನುವವರು ಓದಿ. ನನ್ನ ಲೆಕ್ಕದಲ್ಲಿ ಇಂಥ ಯೋಜನೆಗಳು ಕೆಡುವುದು ಎರಡು ಹೊತ್ತಿನಲ್ಲಿ. ಮೊದಲ ಸ್ಯಾಂಪಲ್ ತೆಗೆಯುವ ಮುಂಚೆ, ಮತ್ತು ಕೊನೆಯ ಸ್ಯಾಂಪಲ್ ತೆಗೆದ ಮೇಲೆ. ನಡುವಿನ ಕೆಲಸವನ್ನು ನಮಗೆ ಕಾಲೇಜಿನಲ್ಲೇ ಚೆನ್ನಾಗಿ ಕಲಿಸಿರುತ್ತಾರೆ. ಹಾಗಾಗಿ ಇಲ್ಲಿ ಆ ಎರಡು ತುದಿಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಪ್ರಶ್ನೆ ಹಿಡಿದುಕೊಂಡು ಹೋಗಬೇಡಿ, ಕೇಳಿಕೊಂಡು ಬನ್ನಿ

ಅರ್ಜಿ ಬರೆದು, ಅನುದಾನ ಸಿಕ್ಕಿದ ಮೇಲೆ ರೈತರನ್ನು ಹುಡುಕುವುದು ನಮ್ಮಲ್ಲಿ ರೂಢಿ. ಆ ಹೊತ್ತಿಗೆ ಪ್ರಶ್ನೆ ಗಟ್ಟಿಯಾಗಿಬಿಟ್ಟಿರುತ್ತದೆ. ರೈತರಿಗೆ ಉಳಿಯುವುದು ದನ ಹಿಡಿದು ನಿಲ್ಲಿಸುವ ಕೆಲಸ ಮಾತ್ರ. ಇದಕ್ಕೆ ಪಾಲುದಾರಿಕೆ ಅಂತ ಹೆಸರಿಟ್ಟರೆ ಯಾರೂ ನಂಬುವುದಿಲ್ಲ, ಅಲ್ವಾ?

ಅರ್ಜಿ ಬರೆಯುವ ಮುಂಚೆಯೇ ಹಿಂಡುಗಳಿರುವ ಕಡೆ ಹೋಗಿ. "ನಿಮಗೆ ಯಾವ ರೋಗದ ಬಗ್ಗೆ ಸಂಶೋಧನೆ ಬೇಕು?" ಅಂತ ಕೇಳಿದರೆ ಪ್ರಯೋಜನವಿಲ್ಲ. ಕೇಳಿಸಿಕೊಂಡವರು ನಿಮಗೆ ಏನು ಬೇಕೋ ಅದನ್ನೇ ಹೇಳುತ್ತಾರೆ. ಕಳೆದ ವರ್ಷ ಎಷ್ಟು ಕರು ಹುಟ್ಟಿದವು, ಎಷ್ಟು ಉಳಿದವು, ಯಾವುದನ್ನು ಮಾರಬೇಕಾಯಿತು, ಯಾಕೆ ಅಂತ ಕೇಳಿ. ಉತ್ತರದೊಳಗೇ ರೋಗ ಇರುತ್ತದೆ.

ಇದಕ್ಕೆ ಒಂದು ಸುಲಭ ವಿಧಾನವಿದೆ. ನೂರು ಬೀಜ ಅಥವಾ ಸಣ್ಣ ಕಲ್ಲು ತೆಗೆದುಕೊಳ್ಳಿ. ಇವು ಹೋದ ವರ್ಷದ ನಿಮ್ಮ ಹಿಂಡು ಅಂತ ಹೇಳಿ. ಮೊದಲು ಆರೋಗ್ಯವಾಗಿದ್ದವು ಒಂದು ರಾಶಿ, ಕಾಯಿಲೆ ಬಿದ್ದವು ಒಂದು ರಾಶಿ. ಆಮೇಲೆ ಕಾಯಿಲೆಯ ರಾಶಿಯನ್ನು ರೋಗವಾರು ಹಂಚಲು ಹೇಳಿ. ಕೊನೆಗೆ ಪ್ರತಿ ರೋಗದ ರಾಶಿಯಲ್ಲಿ ಸತ್ತವು ಎಷ್ಟು, ಚೇತರಿಸಿಕೊಂಡವು ಎಷ್ಟು. ಕಲ್ಲು ಹಂಚುವಾಗ ಅವರವರಲ್ಲೇ ವಾದ ಆಗುತ್ತದೆ. ಒಬ್ಬರು ಇಟ್ಟ ಕಲ್ಲನ್ನು ಇನ್ನೊಬ್ಬರು ಎತ್ತಿ ಬೇರೆ ಕಡೆ ಇಡುತ್ತಾರೆ. ಆ ವಾದವನ್ನು ಬರೆದುಕೊಳ್ಳಿ. ಎಣಿಕೆಗಿಂತ ಅದರಲ್ಲೇ ಜಾಸ್ತಿ ಮಾಹಿತಿ ಇರುತ್ತದೆ. ಹೀಗೆಯೇ ನೆಲದ ಮೇಲೆ ಹನ್ನೆರಡು ತಿಂಗಳ ಗೆರೆ ಎಳೆದು, ಯಾವ ರೋಗ ಯಾವಾಗ ಬರುತ್ತದೆ, ರಕ್ತ ಹೀರುವ ಉಣ್ಣಿ ಹುಳು ಯಾವಾಗ ಹೆಚ್ಚು, ಮೇವು ಯಾವಾಗ ಕಡಿಮೆ ಅಂತ ಗುರುತು ಹಾಕಿಸಬಹುದು.

ಒಡೆಯರ ಜೊತೆ ಮಾತ್ರ ಮಾತಾಡಿ ಎದ್ದು ಬರಬೇಡಿ. ಹಾಲು ಕರೆಯುವವರು ಬೇರೆ, ಮೇಯಿಸುವವರು ಬೇರೆ, ಸಗಣಿ ಬಾಚುವವರು ಬೇರೆ ಇರಬಹುದು. ಕೆಚ್ಚಲಲ್ಲಿ ಗಂಟು ಕಟ್ಟಿದ್ದು ಮೊದಲು ಗೊತ್ತಾಗುವುದು ಕರೆಯುವ ಕೈಗೆ. ಅವರನ್ನು ಬೇರೆಯಾಗಿ ಕೂರಿಸಿ ಕೇಳಿ.

ಇದೆಲ್ಲ ಮೃದು ವಿಜ್ಞಾನ ಅಂತ ಮೂಗು ಮುರಿಯುವವರಿಗೆ ರಿಂಡರ್‌ಪೆಸ್ಟ್ ಕಥೆ ಹೇಳಬೇಕು. ದನಗಳ ಈ ದೊಡ್ಡ ರೋಗ ಭೂಮಿಯಿಂದಲೇ ಅಳಿದಿದೆ ಅಂತ 2011ರಲ್ಲಿ ಘೋಷಣೆ ಆಯಿತು. ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ಮಾಡಿದ ಲಸಿಕೆ ಬಲು ಒಳ್ಳೆಯದು. ಆದರೆ ಅದಕ್ಕೆ ಫ್ರಿಜ್ ಬೇಕಿತ್ತು. ದನಗಾಹಿಗಳ ಜೊತೆ ಫ್ರಿಜ್ ತಿರುಗುವುದಿಲ್ಲ. ಆಮೇಲೆ ಜೆಫ್ರಿ ಮ್ಯಾರಿನರ್ ಮತ್ತು ಜೊತೆಗಾರರು ಬಿಸಿ ತಡೆಯುವ ರೂಪ ತಂದರು. ದನಗಾಹಿಗಳೊಳಗಿಂದಲೇ ಆರಿಸಿದವರಿಗೆ ತರಬೇತಿ ಕೊಟ್ಟು ಅವರ ಕೈಯಲ್ಲೇ ಲಸಿಕೆ ಹಾಕಿಸಿದರು. ಪೂರ್ವ ಆಫ್ರಿಕಾದಲ್ಲಿ ರೋಗ ಕೊನೆಯಲ್ಲಿ ಮೆತ್ತಗಿನ ರೂಪದಲ್ಲಿ ಉಳಿದುಕೊಂಡಿತ್ತು. ನೋಡಿದರೆ ಗುರುತೇ ಸಿಗದಷ್ಟು ಮೆತ್ತಗೆ. ಅದರ ಜಾಡು ಹಿಡಿಯುವಾಗ ದನಗಾಹಿಗಳ ಮಾತು ಕೇಳುವ ಈ ವಿಧಾನಗಳೇ ಕೆಲಸಕ್ಕೆ ಬಂದವು.

ಅವರ ಮಾತಿನ ರೋಗದ ಹೆಸರಿಗೂ ನಿಮ್ಮ ಪುಸ್ತಕದ ಹೆಸರಿಗೂ ತಾಳೆ ನೋಡುವುದು ಮುಂದಿನ ಕೆಲಸ. ಒಂದು ಹೆಸರಿನಡಿ ಎರಡು ರೋಗ ಇರಬಹುದು. ಒಂದೇ ರೋಗಕ್ಕೆ ವಯಸ್ಸಿನ ಮೇಲೆ ಬೇರೆ ಬೇರೆ ಹೆಸರು ಇರಬಹುದು. "ಇಂಥ ಲಕ್ಷಣ ಇದ್ದರೆ ನಾವು ಇದನ್ನು ಈ ರೋಗ ಅಂತ ಎಣಿಸುತ್ತೇವೆ" ಅಂತ ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಿ. ಈ ಒಂದು ಹಾಳೆ ಮುಂದೆ ಬಹಳ ಜಗಳ ತಪ್ಪಿಸುತ್ತದೆ.

2. ಕಂಪನಿಯನ್ನು ಬೇಗ ಕರೆಯಿರಿ

ಲ್ಯಾಬಿನಲ್ಲಿ ಎಲ್ಲ ಮುಗಿದ ಮೇಲೆ ಕಂಪನಿಗೆ ಕೊಟ್ಟರಾಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗ ತಡವಾಗಿರುತ್ತದೆ. ಪೂರ್ವ ಆಫ್ರಿಕಾದ ಈಸ್ಟ್ ಕೋಸ್ಟ್ ಜ್ವರದ ಲಸಿಕೆಯನ್ನೇ ನೋಡಿ. ಉಣ್ಣಿ ಹುಳುವಿನಿಂದ ಹರಡುವ ದನದ ರೋಗ ಇದು. 1970ರ ದಶಕದಲ್ಲೇ ಕೀನ್ಯಾದ ಮುಗುಗದಲ್ಲಿ ವಿಧಾನ ಸಿದ್ಧವಾಯಿತು. ಜೀವಂತ ಪರೋಪಜೀವಿಯನ್ನೇ ದನಕ್ಕೆ ಕೊಟ್ಟು, ಜೊತೆಗೆ ಬಹಳ ಹೊತ್ತು ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಚುಚ್ಚುವುದು. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತಯಾರಿಸಲು ಸೋಂಕಿರುವ ಉಣ್ಣಿಗಳನ್ನು ರಾಶಿಗಟ್ಟಲೆ ಅರೆಯಬೇಕು. ಇಡಲು ದ್ರವ ಸಾರಜನಕ ಬೇಕು. ವಿಜ್ಞಾನ ಮುಗಿದು ದಶಕಗಳಾದರೂ ಪೂರೈಕೆಯ ತೊಡಕು ಬಿಡಲಿಲ್ಲ.

ಹಾಗಾಗಿ ಮೊದಲ ವರ್ಷವೇ ತಯಾರಕರ ಹತ್ತಿರ ಕೆಲವು ಸಪ್ಪೆ ಅನ್ನಿಸುವ ಪ್ರಶ್ನೆ ಕೇಳಿ. ಇದನ್ನು ಎಷ್ಟು ತಣ್ಣಗೆ ಇಡಬೇಕು? ಒಂದು ಬಾಟಲಿಯಲ್ಲಿ ಎಷ್ಟು ಡೋಸ್? ಬೆರೆಸಿದ ಮೇಲೆ ಎಷ್ಟು ಹೊತ್ತಿನೊಳಗೆ ಮುಗಿಸಬೇಕು? ನೂರು ಡೋಸಿನ ಬಾಟಲಿ ದೊಡ್ಡ ಫಾರ್ಮಿಗೆ ಸರಿ. ಮೂರು ಹಸು ಇರುವವರಿಗೆ ಅದೇ ಬಾಟಲಿ ಕಸ. ಬೆರೆಸಿದ ಲಸಿಕೆಯನ್ನು ಕೆಲವೇ ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ಇದು ಇಮ್ಯುನಾಲಜಿಯ ಪಾಠದಲ್ಲಿ ಬರುವುದಿಲ್ಲ, ಆದರೆ ರೈತರು ಲಸಿಕೆ ಹಾಕಿಸುತ್ತಾರೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಇದೇ.

ಕಂಪನಿ ಅಂದರೆ ಔಷಧದವರು ಮಾತ್ರ ಅಲ್ಲ. ಹಾಲು ಕೊಳ್ಳುವವರು, ಮಾಂಸ ಸಂಸ್ಕರಿಸುವವರು, ಪಶು ಆಹಾರದವರು, ತಳಿ ಸಂಘದವರು ಎಲ್ಲರೂ ಈ ಸಾಲಿನಲ್ಲಿದ್ದಾರೆ. ಹಾಲು ಕೊಳ್ಳುವವರ ಹತ್ತಿರ ವರ್ಷಗಟ್ಟಲೆಯ ಸೊಮ್ಯಾಟಿಕ್ ಸೆಲ್ ಲೆಕ್ಕ, ಅಂದರೆ ಕೆಚ್ಚಲು ಬಾವಿನ ಸುಳಿವು ಕೊಡುವ ಹಾಲಿನ ಜೀವಕೋಶಗಳ ಎಣಿಕೆ, ಇರಬಹುದು. ಕಸಾಯಿಖಾನೆಯಲ್ಲಿ ಪಿತ್ತಜನಕಾಂಗ, ಶ್ವಾಸಕೋಶದ ದಾಖಲೆ ಇರಬಹುದು. ಹೊಸ ಸ್ಯಾಂಪಲ್‌ಗೆ ಓಡುವ ಮುಂಚೆ ಈ ಹಳೆಯ ಲೆಕ್ಕಗಳನ್ನು ಕೇಳಿ.

3. ಕಹಿ ಮಾತನ್ನು ಮೊದಲೇ ಆಡಿ, ಬರೆದಿಡಿ

ಇದೇ ಕಷ್ಟದ ಹೆಜ್ಜೆ. ಎಲ್ಲರೂ ಉತ್ಸಾಹದಲ್ಲಿರುವಾಗ ಒಪ್ಪಂದದ ಮಾತು ಎತ್ತುವುದು ಅಪಶಕುನದ ಹಾಗೆ ಕಾಣುತ್ತದೆ. ಎತ್ತಲೇಬೇಕು. ತೊಂದರೆ ಬಂದ ಮೇಲೆ ಬರೆಯುವ ಒಪ್ಪಂದಕ್ಕೆ ಯಾರೂ ಸಹಿ ಹಾಕುವುದಿಲ್ಲ.

ಮೊದಲು ಪ್ರಾಣಿಯ ಹಾನಿ. ಪ್ರಯೋಗದ ನಡುವೆ ಹಸು ಸತ್ತರೆ? ಗಬ್ಬದ ಎಮ್ಮೆ ಕಂದು ಹಾಕಿದರೆ? ಪ್ರಯೋಗದ ಔಷಧದಿಂದ ಹಾಲು ಚೆಲ್ಲಬೇಕಾಗಿ ಬಂದರೆ? ಆಂಟಿಬಯಾಟಿಕ್ ಕೊಟ್ಟ ಮೇಲೆ ಇಷ್ಟು ದಿನ ಹಾಲು ಮಾರಬಾರದು, ಇಷ್ಟು ದಿನ ಮಾಂಸಕ್ಕೆ ಕಳಿಸಬಾರದು ಅಂತ ನಿಯಮ ಇರುತ್ತದೆ. ಇನ್ನೂ ನೋಂದಣಿ ಆಗದ ಔಷಧವಾದರೆ ಆ ಅವಧಿ ಇನ್ನೂ ಉದ್ದ ಇರಬಹುದು. ಆ ನಷ್ಟ ರೈತರ ತಲೆಗೆ ಬರಬಾರದು. ಯಾರು ಕೊಡುತ್ತಾರೆ, ಯಾವ ದರದಲ್ಲಿ, ಎಷ್ಟು ದಿನದೊಳಗೆ ಅಂತ ಬರೆಯಿರಿ. "ಸೂಕ್ತ ಪರಿಹಾರ ನೀಡಲಾಗುವುದು" ಅನ್ನುವ ಸಾಲು ಬರೆದರೆ ಏನೂ ಬರೆಯದ ಹಾಗೆಯೇ. ಸಾವಿಗೆ ಕಾರಣ ಔಷಧವೋ ಬೇರೆಯೋ ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದನ್ನೂ ಬರೆಯಿರಿ. ಅವರು ಕಂಪನಿಯ ಸಂಬಳದವರಾಗಿರಬಾರದು.

ಆಮೇಲೆ ಮಾಹಿತಿ. ಹಿಂಡಿನ ಹೆಸರು ಯಾರಿಗೆ ಗೊತ್ತಿರುತ್ತದೆ? ಹಾಲು ಕೊಳ್ಳುವವರು ಯೋಜನೆಯ ಪಾಲುದಾರರಾಗಿದ್ದರೆ, ಯಾರ ಹಸುವಿಗೆ ಕೆಚ್ಚಲು ಬಾವು ಇದೆ ಅನ್ನುವುದು ಅವರಿಗೆ ಕಾಣಬೇಕೇ? ನನ್ನ ಅಭಿಪ್ರಾಯದಲ್ಲಿ ಕಾಣಬಾರದು. ಹಿಂಡಿಗೆ ಒಂದು ಸಂಕೇತ ಸಂಖ್ಯೆ ಕೊಡಿ. ಸಂಖ್ಯೆಗೂ ಹೆಸರಿಗೂ ಇರುವ ಪಟ್ಟಿ ಒಬ್ಬರ ಹತ್ತಿರ ಮಾತ್ರ ಇರಲಿ.

ಇದಕ್ಕೊಂದು ಅಪವಾದ ಇದೆ, ಅದನ್ನು ಮುಚ್ಚಿಡಬಾರದು. ಕೆಲವು ರೋಗಗಳನ್ನು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ಕಾನೂನು ಇರುತ್ತದೆ. ಕಾಲುಬಾಯಿ ಜ್ವರ ಅಂಥದ್ದು. ತಿಳಿಸಿದರೆ ಸಾಗಾಟ ನಿಲ್ಲಬಹುದು, ಕೆಲವು ದೇಶಗಳಲ್ಲಿ ಹಿಂಡನ್ನೇ ಕೊಲ್ಲಬಹುದು. ಸ್ಯಾಂಪಲ್ ತೆಗೆಯುವ ಮುಂಚೆ ರೈತರಿಗೆ ಇದನ್ನು ಬಿಡಿಸಿ ಹೇಳಿ. "ಇಂಥ ರೋಗ ಸಿಕ್ಕರೆ ನಾನು ಸುಮ್ನೆ ಇರಲಾರೆ" ಅಂತ ನೇರವಾಗಿ ಹೇಳಿ. ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ. ಗೊತ್ತಿದ್ದೇ ಒಪ್ಪಿದವರು ಕೊನೆವರೆಗೆ ಜೊತೆ ಇರುತ್ತಾರೆ. ಹಾಗೆಯೇ, ಬೇಡ ಅನ್ನಿಸಿದ ದಿನ ಕಾರಣ ಹೇಳದೆ ಬಿಟ್ಟು ಹೋಗುವ ಹಕ್ಕು ರೈತರಿಗಿರಬೇಕು. ಬಿಟ್ಟ ಮಾತ್ರಕ್ಕೆ ಅವರಿಗೆ ಸಿಗುವ ಚಿಕಿತ್ಸೆ ನಿಲ್ಲಬಾರದು.

ಮೂರನೆಯದು ಪ್ರಕಟಣೆ. ಕಂಪನಿ ತನ್ನ ಪೇಟೆಂಟ್ ನೋಡಿಕೊಳ್ಳಲು ಸ್ವಲ್ಪ ಸಮಯ ಕೇಳುತ್ತದೆ. ಅದು ನ್ಯಾಯವೇ. ಬರಹವನ್ನು ಮೊದಲೇ ತೋರಿಸಿ, ಇಷ್ಟು ದಿನ ಕಾಯುತ್ತೇವೆ ಅಂತ ದಿನ ಗೊತ್ತುಮಾಡಿ. ಆದರೆ ಪ್ರಕಟಿಸಬೇಡಿ ಅನ್ನುವ ಅಧಿಕಾರ ಅವರಿಗೆ ಕೊಡಬೇಡಿ. ಔಷಧ ಕೆಲಸ ಮಾಡಲಿಲ್ಲ ಅನ್ನುವ ಫಲಿತಾಂಶವೂ ಹೊರಗೆ ಬರಬೇಕು. ಈ ಒಂದು ಸಾಲಿಗೆ ಒಪ್ಪದ ಕಂಪನಿಯ ದುಡ್ಡು ಬೇಡ ಅನ್ನುವಷ್ಟು ಧೈರ್ಯ ಬೇಕು. ಹೇಳಿದಷ್ಟು ಸುಲಭವಲ್ಲ, ಗೊತ್ತು. ಸಂಶೋಧನಾ ವಿದ್ಯಾರ್ಥಿಯ ಸಂಬಳ ಅದೇ ದುಡ್ಡಿನಿಂದ ಬರುತ್ತಿರುತ್ತದೆ.

ಸ್ಯಾಂಪಲ್ ಗಡಿ ದಾಟಿ ಬೇರೆ ದೇಶಕ್ಕೆ ಹೋಗುವುದಿದ್ದರೆ ಇನ್ನೊಂದು ವಿಚಾರ. ಜೈವಿಕ ಸಂಪತ್ತು ಬಳಸಿ ಬಂದ ಲಾಭದಲ್ಲಿ ಮೂಲ ದೇಶಕ್ಕೂ ಪಾಲು ಇರಬೇಕು ಅಂತ ನಗೋಯಾ ಒಪ್ಪಂದ ಹೇಳುತ್ತದೆ. 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದದ್ದು. ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿಯೂ ಅಷ್ಟೇ, ಬೇಗ ಅರ್ಜಿ ಹಾಕಿ.

4. ಹಿಂಡಿಗೆ ಹೊಂದುವ ಪ್ರಯೋಗ ಕಟ್ಟಿ

ಎಷ್ಟು ಪ್ರಾಣಿ ಬೇಕು ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ದೊಡ್ಡ ಹಿಂಡಿನಲ್ಲಿ ರೋಗ ಇದೆಯೋ ಇಲ್ಲವೋ ಅಂತ ಮಾತ್ರ ತಿಳಿಯಬೇಕಾದರೆ ಲೆಕ್ಕ ಸರಳ. ಪರೀಕ್ಷೆ ತಪ್ಪು ಮಾಡುವುದಿಲ್ಲ ಅಂತ ಇಟ್ಟುಕೊಳ್ಳಿ. 100ರಲ್ಲಿ 10 ಪ್ರಾಣಿಗೆ ರೋಗ ಇದ್ದರೆ, 29 ಪ್ರಾಣಿ ನೋಡಿದರೆ ಒಂದಾದರೂ ಸಿಗುವ ಭರವಸೆ ಶೇಕಡ 95. 100ರಲ್ಲಿ 5 ಆದರೆ 59 ನೋಡಬೇಕು. 100ರಲ್ಲಿ ಒಂದೇ ಆದರೆ 299. ರೋಗ ಅಪರೂಪವಾದಷ್ಟೂ ಸ್ಯಾಂಪಲ್ ಹೆಚ್ಚು. ಕೆಲವೇ ಪ್ರಾಣಿ ನೋಡಿ "ಈ ಹಿಂಡಿನಲ್ಲಿ ರೋಗವಿಲ್ಲ" ಅಂತ ಬರೆಯುವ ಮುಂಚೆ ಈ ಸಂಖ್ಯೆ ನೆನಪಿಸಿಕೊಳ್ಳಿ.

ಔಷಧ, ಲಸಿಕೆಯ ಪ್ರಯೋಗದಲ್ಲಿ ಇನ್ನೊಂದು ಗುಂಡಿ ಇದೆ. ಒಂದೇ ಕೊಟ್ಟಿಗೆಯ 20 ಹಸು ಅಂದರೆ 20 ಬೇರೆ ಬೇರೆ ಸಾಕ್ಷಿ ಅಲ್ಲ. ಒಂದೇ ಮೇವು, ಒಂದೇ ನೀರು, ಒಂದೇ ಕೈ. ಹಿಂಡು ಹಿಂಡಾಗಿ ಆರಿಸಿದಾಗ ಬೇಕಾಗುವ ಸಂಖ್ಯೆ ಬೆಳೆಯುತ್ತದೆ. ಪ್ರತಿ ಹಿಂಡಿನಿಂದ 20 ಪ್ರಾಣಿ, ಒಂದೇ ಹಿಂಡಿನ ಪ್ರಾಣಿಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಅನ್ನುವ ಅಳತೆ (ಏನೂ ಹೋಲದಿದ್ದರೆ 0, ಪೂರ್ತಿ ಹೋಲಿದರೆ 1) 0.1 ಅಂದರೆ, ಸಾಮಾನ್ಯ ಲೆಕ್ಕದ 2.9 ಪಟ್ಟು ಪ್ರಾಣಿ ಬೇಕು. ಹಾಗಾಗಿ ಕೆಲವೇ ದೊಡ್ಡ ಹಿಂಡುಗಳಿಗಿಂತ ಹೆಚ್ಚು ಹಿಂಡುಗಳಿಂದ ಸ್ವಲ್ಪ ಸ್ವಲ್ಪ ತೆಗೆದರೆ ಒಳ್ಳೆಯದು. ತಿರುಗಾಟ ಜಾಸ್ತಿ ಆಗುತ್ತದೆ, ನಿಜ.

ಇನ್ನು ಹೊಸ ಔಷಧ ಕೊಡದೆ ಹೋಲಿಸಿ ನೋಡುವ ಗುಂಪು. ಕಾಯಿಲೆ ಬಿದ್ದ ಹಸುವಿಗೆ ಏನೂ ಕೊಡದೆ ಬಿಡಿ ಅಂದರೆ ಯಾವ ರೈತರು ಒಪ್ಪುತ್ತಾರೆ? ಒಪ್ಪಬಾರದು ಕೂಡ. ಈಗ ಎಲ್ಲರೂ ಕೊಡುವ ಔಷಧದ ಜೊತೆ ಹೊಸದನ್ನು ಹೋಲಿಸಿ. ಲಸಿಕೆಯಾದರೆ ಹಿಂಡುಗಳನ್ನು ಸರದಿಯಲ್ಲಿ ಸೇರಿಸಬಹುದು. ಯಾರು ಮೊದಲು, ಯಾರು ಆಮೇಲೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಕೊನೆಗೆ ಎಲ್ಲರಿಗೂ ಸಿಗುತ್ತದೆ. ಪ್ರಾಣಿಯ ಸ್ಥಿತಿ ಇಂತಿಷ್ಟು ಕೆಟ್ಟರೆ ಪ್ರಯೋಗ ಬಿಟ್ಟು ಕೂಡಲೇ ಚಿಕಿತ್ಸೆ ಅನ್ನುವ ನಿಯಮ ಮೊದಲೇ ಇರಲಿ.

ಹರಡುವ ರೋಗದ ಲಸಿಕೆಯನ್ನು ಒಂದೇ ಕೊಟ್ಟಿಗೆಯಲ್ಲಿ ಅರ್ಧ ಹಸುಗಳಿಗೆ ಹಾಕಿ ಅರ್ಧಕ್ಕೆ ಬಿಟ್ಟರೆ ಫಲಿತಾಂಶ ಓರೆಯಾಗುತ್ತದೆ. ಲಸಿಕೆ ಹಾಕಿದವು ರೋಗ ಹರಡುವುದನ್ನು ತಗ್ಗಿಸುತ್ತವೆ. ಹಾಕದವಕ್ಕೂ ಅದರ ಲಾಭ ಸಿಗುತ್ತದೆ. ಎರಡು ಗುಂಪಿನ ವ್ಯತ್ಯಾಸ ಕಡಿಮೆ ಕಾಣುತ್ತದೆ, ಒಳ್ಳೆಯ ಲಸಿಕೆಯೂ ಸಾಧಾರಣ ಅನ್ನಿಸುತ್ತದೆ. ಇಂಥ ಕಡೆ ಇಡೀ ಹಿಂಡನ್ನೇ ಒಂದು ಘಟಕ ಮಾಡಿ.

ಚೀಟಿಯ ವಿಚಾರದಲ್ಲಿ ಸಡಿಲ ಬಿಡಬೇಡಿ. ಮನಸ್ಸಿಗೆ ಹತ್ತಿರದ ಹಸುವಿಗೆ ಹೊಸ ಔಷಧ ಸಿಗಲಿ ಅಂತ ಎಲ್ಲರಿಗೂ ಆಸೆ ಇರುತ್ತದೆ. ಅದು ಮನುಷ್ಯ ಸ್ವಭಾವ. ಮುಚ್ಚಿದ ಲಕೋಟೆ ಬಳಸಿ. ಆಗುವುದಾದರೆ ಬಾಟಲಿಯ ಮೇಲೆ ಸಂಕೇತ ಮಾತ್ರ ಇರಲಿ, ಯಾವುದು ಯಾವುದು ಅಂತ ನಿಮಗೂ ರೈತರಿಗೂ ಗೊತ್ತಾಗದಿರಲಿ. ಜಾನುವಾರು ಪ್ರಯೋಗದ ವರದಿಯಲ್ಲಿ ಏನೇನಿರಬೇಕು ಅಂತ ರಿಫ್ಲೆಕ್ಟ್ ಎಂಬ ಪಟ್ಟಿ 2010ರಲ್ಲಿ ಬಂದಿದೆ. ಬರೆಯುವಾಗ ಅಲ್ಲ, ಪ್ರಯೋಗ ಕಟ್ಟುವಾಗಲೇ ಅದನ್ನು ಓದಿ.

5. ಹಿಂಡಿಗೆ ಹೋಗುವ ದಿನ

ಹಾಲು ಕರೆಯುವ ಹೊತ್ತು, ಮೇವು ಹಾಕುವ ಹೊತ್ತು ಕೇಳಿಕೊಂಡು ಹೋಗಿ. ಬಿಸಿಲು ನೆತ್ತಿಗೆ ಬಂದ ಮೇಲೆ ಪ್ರಾಣಿ ಹಿಡಿಯಬೇಡಿ. ಆರೋಗ್ಯವಾಗಿರುವ ಹಿಂಡು ಮೊದಲು, ರೋಗ ಇರುವುದು ಕೊನೆಗೆ. ಒಂದೇ ಫಾರ್ಮಿನಲ್ಲಿಯೂ ಕರುಗಳು ಮೊದಲು. ಬೂಟಿಗೆ ಸಗಣಿ ಮೆತ್ತಿಕೊಂಡಿದ್ದರೆ ಸೋಂಕುನಾಶಕ ಕೆಲಸ ಮಾಡುವುದಿಲ್ಲ. ಮೊದಲು ಉಜ್ಜಿ ತೊಳೆಯಿರಿ, ಆಮೇಲೆ ಅದ್ದಿ. ರೋಗ ಹುಡುಕಲು ಬಂದವರೇ ರೋಗ ಹೊತ್ತು ತಂದರು ಅನ್ನುವ ಮಾತು ಒಮ್ಮೆ ಹಬ್ಬಿದರೆ ಆ ಭಾಗದಲ್ಲಿ ನಿಮ್ಮ ಕೆಲಸ ಮುಗಿಯಿತು.

ಸ್ಯಾಂಪಲ್ ಬಗ್ಗೆ ನಾಲ್ಕು ಮಾತು ಸಾಕು. ಲೇಬಲ್ ಮುಚ್ಚಳಕ್ಕೆ ಅಂಟಿಸಬೇಡಿ, ನಳಿಕೆಗೆ ಅಂಟಿಸಿ. ಮುಚ್ಚಳಗಳು ಅದಲುಬದಲಾಗುತ್ತವೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇಕಾದರೆ ಸಾದಾ ನಳಿಕೆ, ರಕ್ತಕಣ ಎಣಿಸಬೇಕಾದರೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಹಾಕಿದ ನಳಿಕೆ. ಸೀರಮ್ ಬೇರೆ ಮಾಡದೆ ಇಡೀ ರಕ್ತವನ್ನು ಫ್ರೀಜ್ ಮಾಡಿದರೆ ರಕ್ತಕಣ ಒಡೆದು ಕೆಲಸಕ್ಕೆ ಬಾರದು. ಹಾಲಿನ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಮೊದಲ ಕೆಲವು ಧಾರೆ ಚೆಲ್ಲಿ, ತೊಟ್ಟಿನ ತುದಿ ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹಿಡಿಯಿರಿ. ಹಿಕ್ಕೆಯನ್ನು ನೆಲದಿಂದ ಎತ್ತಬೇಡಿ, ಗುದದಿಂದಲೇ ತೆಗೆಯಿರಿ, ತಣ್ಣಗಿಡಿ. ಬೆಚ್ಚಗಿದ್ದರೆ ಜಂತುಹುಳುವಿನ ಮೊಟ್ಟೆ ಒಡೆದು ಮರಿಯಾಗಿ ಲೆಕ್ಕ ತಪ್ಪುತ್ತದೆ. ಕಾಲುಬಾಯಿ ಜ್ವರದ ವೈರಸ್‌ಗೆ ಹುಳಿ ಆಗದು. ಅದನ್ನು ಸಾಗಿಸುವ ದ್ರಾವಣದ ಪಿಎಚ್ 7.2ರಿಂದ 7.6ರೊಳಗೆ ಇರಬೇಕು.

6. ಅಳತೆ ರೈತರ ಕೈಯಲ್ಲೂ ಇರಲಿ

ಎಲ್ಲ ಅಳತೆಯನ್ನೂ ನೀವೇ ಮಾಡಬೇಕಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಹೀಮಾಂಕಸ್ ಹುಳು ರಕ್ತ ಹೀರುವುದರಿಂದ ಕುರಿ, ಮೇಕೆಯ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಐದು ಬಣ್ಣ. 1 ಅಂದರೆ ಕೆಂಪು, ಚೆನ್ನಾಗಿದೆ. 5 ಅಂದರೆ ಬಿಳುಪು, ಅಪಾಯ. ರೆಪ್ಪೆ ಬಿಡಿಸಿ ಬಣ್ಣ ತಾಳೆ ನೋಡಿ, 4 ಮತ್ತು 5 ಇರುವವಕ್ಕೆ ಜಂತುನಾಶಕ ಕೊಡಲೇಬೇಕು. 3ಕ್ಕೆ ಮರಿಯೋ, ಗಬ್ಬವೋ ನೋಡಿ ತೀರ್ಮಾನಿಸುತ್ತಾರೆ. ಉಳಿದವನ್ನು ಬಿಟ್ಟರೆ ಔಷಧಕ್ಕೆ ಸಾಯುವ ಹುಳುಗಳೂ ಹಿಂಡಿನಲ್ಲಿ ಉಳಿಯುತ್ತವೆ, ಔಷಧಕ್ಕೆ ಜಗ್ಗದ ಹುಳುಗಳೇ ತುಂಬಿಕೊಳ್ಳುವುದು ನಿಧಾನವಾಗುತ್ತದೆ. ತರಬೇತಿ ಸಿಕ್ಕರೆ ಯಾರು ಬೇಕಾದರೂ ಮಾಡಬಹುದು.

ಜೊತೆಗೆ ಲ್ಯಾಬಿನ ಪರೀಕ್ಷೆ ಸೇರಿಸಿ. ಔಷಧ ಕೊಡುವ ಮುಂಚೆ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ. ಸುಮಾರು 10ರಿಂದ 14 ದಿನ ಬಿಟ್ಟು ಮತ್ತೆ ಎಣಿಸಿ. ಮೊಟ್ಟೆ ಶೇಕಡ 95ರಷ್ಟಾದರೂ ಇಳಿಯದಿದ್ದರೆ ಔಷಧ ಸೋಲುತ್ತಿದೆ ಅಂತ ಅನುಮಾನ ಪಡಬೇಕು. ಮುಂಚೆ ತೂಕ ಸರಿಯಾಗಿ ನೋಡಿದ್ದರೋ, ಡೋಸ್ ಕಡಿಮೆ ಆಗಿತ್ತೋ ಅಂತಲೂ ವಿಚಾರಿಸಿ. ಬಹಳ ಸಲ ತಪ್ಪು ಹುಳುವಿನದ್ದಲ್ಲ, ಸಿರಿಂಜಿನದ್ದು.

ರೈತರಿಗೆ ಕೊಡುವ ದಾಖಲೆ ಪುಸ್ತಕ ಒಂದು ಪುಟದಲ್ಲಿ ಮುಗಿಯಲಿ. ನಲವತ್ತು ಕಾಲಂ ಇರುವ ಹಾಳೆ ಕೊಟ್ಟರೆ ಕೊನೆಯ ದಿನ ಒಂದೇ ಪೆನ್ನಿನಲ್ಲಿ ಎಲ್ಲ ತುಂಬಿಸಿಕೊಡುತ್ತಾರೆ. ಅದಕ್ಕೆ ಅವರನ್ನು ಬಯ್ಯಬೇಡಿ.

7. ಫಲಿತಾಂಶ ಮೊದಲು ಕೊಟ್ಟಿಗೆಗೆ

ರಕ್ತ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಲಿಲ್ಲ ಅನ್ನುವ ದೂರು ಎಲ್ಲ ಕಡೆ ಕೇಳಿಬರುತ್ತದೆ. ಹಿಂಡಿನ ಫಲಿತಾಂಶವನ್ನು ಪ್ರಬಂಧ ಪ್ರಕಟವಾಗುವವರೆಗೆ ಇಟ್ಟುಕೊಳ್ಳಬೇಡಿ. ಲ್ಯಾಬಿನಿಂದ ಬಂದ ಕೂಡಲೇ ಆ ಹಿಂಡಿನವರಿಗೆ ತಿಳಿಸಿ. ಸಂಖ್ಯೆ ಮಾತ್ರ ಹೇಳಿ ಎದ್ದು ಬರಬೇಡಿ. "ಈ ಹಸುವಿನ ಸೆಲ್ ಲೆಕ್ಕ ಮಿಲಿಲೀಟರಿಗೆ 4 ಲಕ್ಷ" ಅಂದರೆ ಯಾರಿಗೆ ಏನು ತಿಳಿಯಿತು? 2 ಲಕ್ಷ ದಾಟಿದರೆ ಸೋಂಕಿನ ಅನುಮಾನ, ಇದನ್ನು ಕೊನೆಗೆ ಕರೆಯಿರಿ, ಕರೆದ ಮೇಲೆ ತೊಟ್ಟನ್ನು ಸೋಂಕುನಾಶಕದಲ್ಲಿ ಅದ್ದಿ ಅಂತ ಹೇಳಿದರೆ ನಾಳೆ ಬೆಳಗ್ಗೆಯೇ ಕೆಲಸಕ್ಕೆ ಬರುತ್ತದೆ.

ದನ ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ತರಹದ ಸೋಂಕು ಸಿಕ್ಕರೆ ವಿಷಯ ಮನೆಯೊಳಕ್ಕೆ ಬರುತ್ತದೆ. ಕಂದು ಹಾಕಿದ ಹಸುವಿನ ಕಸ (ಮಾಸು) ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಅದು ತಗಲಬಹುದು. ಫೋನಿನಲ್ಲಿ ಹೇಳಬೇಡಿ, ಹೋಗಿ ಹೇಳಿ. ಬಿಟ್ಟು ಬಿಟ್ಟು ಜ್ವರ ಬರುತ್ತಿದೆಯಾ ಅಂತ ಕೇಳಿ, ಮನುಷ್ಯರ ವೈದ್ಯರ ಹತ್ತಿರ ಕಳಿಸುವ ದಾರಿ ಮೊದಲೇ ಮಾಡಿಟ್ಟುಕೊಂಡಿರಿ. ಇದನ್ನು ಸಿದ್ಧ ಮಾಡಿಕೊಳ್ಳದೆ ಬ್ರುಸೆಲ್ಲಾ ಸ್ಯಾಂಪಲ್‌ಗೆ ಇಳಿಯುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಹಿಂಡಿನ ಫಲಿತಾಂಶ ಸೇರಿಸಿ ಸಭೆ ಮಾಡುವಾಗ ಹೆಸರು ಬೇಡ. ಪ್ರತಿಯೊಬ್ಬರಿಗೂ ತಮ್ಮ ಸಂಕೇತ ಗೊತ್ತಿರುತ್ತದೆ. ಪಟ್ಟಿಯಲ್ಲಿ ತಾವು ಎಲ್ಲಿದ್ದೇವೆ ಅಂತ ಅವರೇ ನೋಡಿಕೊಳ್ಳುತ್ತಾರೆ. ಈ ಹೋಲಿಕೆಗೆ ಬಲ ಇದೆ. ನೆದರ್ಲ್ಯಾಂಡ್ಸ್‌ನಲ್ಲಿ ಸರ್ಕಾರ, ರೈತರ ಸಂಘಟನೆಗಳು, ಪಶುವೈದ್ಯರು ಸೇರಿ ಜಾನುವಾರು ಆಂಟಿಬಯಾಟಿಕ್ ಬಳಕೆಯನ್ನು 2009ಕ್ಕೆ ಹೋಲಿಸಿ 2013ರೊಳಗೆ ಅರ್ಧಕ್ಕಿಳಿಸುವ ಗುರಿ ಇಟ್ಟರು. 2012ಕ್ಕೇ ಅದು ಮುಟ್ಟಿತು. ಅಲ್ಲಿ ಪ್ರತಿ ಫಾರ್ಮಿನ ಬಳಕೆಯೂ ದಾಖಲಾಗುತ್ತದೆ, ಅದೇ ತರಹದ ಬೇರೆ ಫಾರ್ಮುಗಳ ಪಕ್ಕದಲ್ಲಿ ತೂಗಿ ನೋಡಲಾಗುತ್ತದೆ.

8. ನೀವಿಲ್ಲದೆಯೂ ನಡೆಯುವಂತೆ ಮಾಡಿ

ಯೋಜನೆಗೆ ಮೂರು ವರ್ಷ, ರೋಗಕ್ಕೆ ಗಡುವಿಲ್ಲ. ಡೆನ್ಮಾರ್ಕಿನ ಸಾವಯವ ಹೈನುಗಾರರು ಆಂಟಿಬಯಾಟಿಕ್ ಬಿಡಲು ಕೊಟ್ಟಿಗೆ ಶಾಲೆ ಮಾಡಿಕೊಂಡರು. ಅದರ ಬೇರು 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆಯಲ್ಲಿದೆ. ಕೊಟ್ಟಿಗೆ ಶಾಲೆ ಅಂದರೆ ಐದಾರು ರೈತರ ಗುಂಪು. ಸರದಿಯಲ್ಲಿ ಒಬ್ಬೊಬ್ಬರ ಫಾರ್ಮಿನಲ್ಲಿ ಸೇರುತ್ತಾರೆ. ಆತಿಥ್ಯ ವಹಿಸಿದವರು ತಮ್ಮ ಒಂದು ಗೆಲುವು, ಎರಡು ತೊಂದರೆ ತೋರಿಸಬೇಕು. ಮಾತು ನಡೆಸಿಕೊಡುವವರು ಸಲಹೆ ಕೊಡುವಂತಿಲ್ಲ. ನಮ್ಮಂಥ ತಜ್ಞರಿಗೆ ಬಾಯಿ ಮುಚ್ಚಿ ಕೂರುವುದು ಕಷ್ಟ. ಆದರೆ ಆ ನಿಯಮ ಇರುವುದರಿಂದಲೇ ಆ ಗುಂಪು ನಡೆಯುತ್ತದೆ. ನಿಮ್ಮ ಯೋಜನೆಯ ಎರಡನೇ ವರ್ಷದಲ್ಲೇ ಇಂಥ ಗುಂಪು ಶುರುವಾದರೆ, ನೀವು ಹೊರಡುವ ಹೊತ್ತಿಗೆ ಅದಕ್ಕೆ ತನ್ನದೇ ಕಾಲು ಬಂದಿರುತ್ತದೆ.

ಕಂಪನಿಯ ಕಡೆಯಿಂದಲೂ ಹೊರಡುವ ಮುಂಚೆ ಎರಡು ವಿಷಯ ಬರೆಸಿಕೊಳ್ಳಿ. ಪ್ರಯೋಗ ಗೆದ್ದರೆ, ಭಾಗವಹಿಸಿದ ಹಿಂಡುಗಳಿಗೆ ಆ ಲಸಿಕೆ ಅಥವಾ ಔಷಧ ಯಾವಾಗ, ಯಾವ ದರದಲ್ಲಿ ಸಿಗುತ್ತದೆ? ಮಾರುಕಟ್ಟೆಗೆ ತರದಿರಲು ಕಂಪನಿ ತೀರ್ಮಾನಿಸಿದರೆ, ಬೇರೆಯವರು ತಯಾರಿಸಲು ದಾರಿ ಬಿಡುತ್ತದೆಯೇ?

ಇನ್ನು ಫ್ರೀಜರಿನಲ್ಲಿ ಉಳಿದ ಸೀರಮ್. ಅದು ಬೇರೊಂದು ಪ್ರಶ್ನೆಗೆ ಬೇಕಾಗಿಯೇ ಆಗುತ್ತದೆ, ಕೆಲವೊಮ್ಮೆ ಬೇರೆ ದೇಶದ ಲ್ಯಾಬಿಗೂ. ಒಪ್ಪಿಗೆ ಪತ್ರದಲ್ಲಿ ಅದಕ್ಕೊಂದು ಬೇರೆ ಸಾಲು, ಬೇರೆ ಸಹಿ ಇಡಿ: ಈ ಕೆಲಸಕ್ಕೆ ಮಾತ್ರವೋ, ಮುಂದಿನ ಸಂಶೋಧನೆಗೂ ಸರಿಯೋ, ಹೊಸ ಫಲಿತಾಂಶ ಬಂದರೆ ತಿಳಿಸಬೇಕೋ. ಆ ಸಾಲು ಇಲ್ಲದ ಹಳೆಯ ಸ್ಯಾಂಪಲ್ ನಿಮ್ಮ ಹತ್ತಿರ ಇದ್ದರೆ, ಬಳಸುವ ಮುಂಚೆ ಮತ್ತೊಮ್ಮೆ ಆ ಹಿಂಡಿನವರ ಹತ್ತಿರ ಹೋಗಿ ಕೇಳಿ.